ಕಂಪನಿಯ ಠೇವಣಿ, ನೌಕರರ ನಿವೃತ್ತಿ ಹಣ: ಇವುಗಳ ಹೊಗೆ ಕಡಿಮೆ ಮಾಡುವುದು ಹೇಗೆ?

ನಮ್ಮದು ಶಿವಮೊಗ್ಗದ ಮಾಚೇನಹಳ್ಳಿ ಕಡೆಯ ಸಣ್ಣ ಫೌಂಡ್ರಿ. 46 ಜನ ಇದ್ದೇವೆ. ಲೆಕ್ಕಪತ್ರ ನೋಡಿಕೊಳ್ಳುವವಳು ನಾನು. ಮೂರು ವರ್ಷದ ಹಿಂದೆ, ನಮ್ಮಿಂದ ಎರಕದ ಬಿಡಿಭಾಗ ಕೊಳ್ಳುವ ಕಂಪನಿಯಿಂದ ಉದ್ದದ ಫಾರಂ ಒಂದು ಬಂತು. ಕುಲುಮೆಗೆ ಎಷ್ಟು ಯೂನಿಟ್ ಕರೆಂಟ್? ಜನರೇಟರ್‌ಗೆ ಎಷ್ಟು ಡೀಸೆಲ್? ಲಾರಿ ಎಷ್ಟು ಕಿಲೋಮೀಟರ್ ಓಡುತ್ತದೆ? ಷೇರು ಪೇಟೆಯಲ್ಲಿರುವ ಮೊದಲ 1000 ಕಂಪನಿಗಳು 2022-23ರಿಂದ ತಮ್ಮ ಪರಿಸರದ ಲೆಕ್ಕವನ್ನು ಷೇರು ಪೇಟೆಯ ಮೇಲ್ವಿಚಾರಣೆ ಮಾಡುವ ಸೆಬಿಗೆ ಒಪ್ಪಿಸಲೇಬೇಕು. ಅದರ ಬಿಸಿ ನಿಧಾನವಾಗಿ ನಮ್ಮಂಥ ಸಣ್ಣವರಿಗೂ ತಾಗುತ್ತಿದೆ.

ಫಾರಂ ತುಂಬಿ ಮುಗಿಸಿದ ಮೇಲೆ ಒಂದು ವಿಷಯ ತಲೆಯಲ್ಲಿ ಕೊರೆಯತೊಡಗಿತು. ಕರೆಂಟು, ಡೀಸೆಲ್ ಎಲ್ಲ ಕೇಳಿದರು. ಬ್ಯಾಂಕಿನಲ್ಲಿರುವ ದುಡ್ಡಿನ ಬಗ್ಗೆ ಯಾರೂ ಕೇಳಲಿಲ್ಲ. ನಾವಿಟ್ಟ ಠೇವಣಿ ತಿಜೋರಿಯಲ್ಲಿ ಸುಮ್ನೆ ಕೂರುವುದಿಲ್ಲ ಅಲ್ವಾ? ಬ್ಯಾಂಕ್ ಅದನ್ನು ಸಾಲ ಕೊಡುತ್ತದೆ. ಆ ಸಾಲದಲ್ಲಿ ಸೋಲಾರ್ ಪಾರ್ಕ್ ಏಳಬಹುದು, ಕಲ್ಲಿದ್ದಲಿನ ವಿದ್ಯುತ್ ಸ್ಥಾವರವೂ ಏಳಬಹುದು. ದುಡ್ಡಿನ ಹೊಗೆ ಅಂತ ನಾನು ಹೇಳುವುದು ಇದನ್ನೇ.

ಬಂಡವಾಳ ಬಂದರೆ ಗುಡ್ಡದ ಬಣ್ಣ ಬದಲಾಗುತ್ತದೆ ಅನ್ನುವುದು ಮಲೆನಾಡಿನವರಿಗೆ ಗೊತ್ತಿರುವ ವಿಷಯ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದಾಗ ಇಲ್ಲಿನ ಕಾಡಿನ ಮರ ಇದ್ದಿಲಾಗಿ ಕುಲುಮೆ ಸೇರಿತು. ಆಮೇಲೆ ಮೈಸೂರು ಪೇಪರ್ ಮಿಲ್ಸ್ (ಎಂಪಿಎಂ) ಕಾಗದಕ್ಕಾಗಿ ಗುಡ್ಡಗುಡ್ಡಗಳಲ್ಲಿ ಅಕೇಶಿಯಾ, ನೀಲಗಿರಿ ಬಂದವು. ಆ ಬಂಡವಾಳ ಕಣ್ಣಿಗೆ ಕಾಣುತ್ತಿತ್ತು. ಈಗ ನಮ್ಮ ದುಡ್ಡು ಎಲ್ಲಿ ಯಾವ ಗುಡ್ಡ ಅಗೆಯುತ್ತಿದೆಯೋ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ಅದನ್ನು ಹುಡುಕಿ, ನಮ್ಮ ಕೈಲಾದಷ್ಟು ಸರಿ ಮಾಡಿಕೊಂಡ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಹತ್ತು ಜನರ ಆಫೀಸಿಗೂ ಇದರಲ್ಲಿ ಅರ್ಧದಷ್ಟಾದರೂ ಅನ್ವಯಿಸುತ್ತದೆ.

ಹೆಜ್ಜೆ 1: ದುಡ್ಡು ಎಲ್ಲೆಲ್ಲಿದೆ, ಪಟ್ಟಿ ಮಾಡಿ

ಒಂದು ಹಾಳೆ ಸಾಕು. ನಮ್ಮ ಪಟ್ಟಿ ಹೀಗಿತ್ತು: ಕರೆಂಟ್ ಅಕೌಂಟ್‌ನಲ್ಲಿ 18 ಲಕ್ಷ, ಎಫ್‌ಡಿಗಳಲ್ಲಿ 62 ಲಕ್ಷ, ಲಿಕ್ವಿಡ್ ಫಂಡ್‌ನಲ್ಲಿ 30 ಲಕ್ಷ, ಕರೆಂಟ್ ಕೊಡುವ ಮೆಸ್ಕಾಂನಲ್ಲಿ ಭದ್ರತಾ ಠೇವಣಿ 22 ಲಕ್ಷ. ಒಟ್ಟು 1 ಕೋಟಿ 32 ಲಕ್ಷ. ಇದರ ಪಕ್ಕದಲ್ಲಿ ನೌಕರರ ನಿವೃತ್ತಿ ಹಣದ ಇನ್ನೊಂದು ಪಟ್ಟಿ: ಪಿಎಫ್, ಗ್ರಾಚ್ಯುಟಿ (ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು), ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ).

ಪ್ರತಿ ಸಾಲಿನ ಮುಂದೆ ಮೂರು ವಿಷಯ ಬರೆಯಿರಿ. ಈ ದುಡ್ಡು ಯಾವತ್ತು ಬೇಕು? ಎಲ್ಲಿಡಬೇಕು ಎಂದು ತೀರ್ಮಾನ ಮಾಡುವವರು ಯಾರು? ಅಲ್ಲಿಂದ ತೆಗೆದರೆ ಏನು ನಷ್ಟ? ಬರೆಯುತ್ತಾ ಹೋದಂತೆ ಎಷ್ಟೋ ಸಾಲುಗಳು ತಾವಾಗಿಯೇ ಪಕ್ಕಕ್ಕೆ ಸರಿಯುತ್ತವೆ. ನಮ್ಮ ಎಫ್‌ಡಿಯಲ್ಲಿ 14 ಲಕ್ಷ ಬ್ಯಾಂಕ್ ಗ್ಯಾರಂಟಿಗೆ ಅಡವಿತ್ತು. ಅದನ್ನು ಮುಟ್ಟುವಂತಿಲ್ಲ. ಮೆಸ್ಕಾಂ ಠೇವಣಿಯೂ ಅಷ್ಟೇ. ಉಳಿದದ್ದರ ಮೇಲೆ ಮಾತ್ರ ನಮಗೆ ಹಿಡಿತ.

ಇಲ್ಲೇ ಒಂದು ಮಾತು. ನಿಮಗೆ ಸಿಸಿ (ಕ್ಯಾಶ್ ಕ್ರೆಡಿಟ್) ಅಥವಾ ಓಡಿ (ಓವರ್‌ಡ್ರಾಫ್ಟ್) ಸಾಲ ಇದ್ದರೆ ಮೊದಲು ಅದನ್ನು ಇಳಿಸಿ. ಒಂದು ಕೈಯಲ್ಲಿ ಹೆಚ್ಚು ಬಡ್ಡಿಗೆ ಸಾಲ, ಇನ್ನೊಂದು ಕೈಯಲ್ಲಿ ಕಡಿಮೆ ಬಡ್ಡಿಗೆ ಎಫ್‌ಡಿ ಇಟ್ಟುಕೊಂಡು ಹಸಿರು ಠೇವಣಿ (ಪರಿಸರಕ್ಕೆ ಒಳ್ಳೆಯ ಕೆಲಸಗಳಿಗೆ ಮಾತ್ರ ಸಾಲವಾಗಿ ಹೋಗುವ ಠೇವಣಿ) ಹುಡುಕುವುದರಲ್ಲಿ ಅರ್ಥವಿಲ್ಲ.

ಹೆಜ್ಜೆ 2: ಲಿಕ್ವಿಡ್ ಫಂಡ್ ತೆರೆದು ನೋಡಿ

ಇದು ಎಲ್ಲಕ್ಕಿಂತ ಸುಲಭದ ಕೆಲಸ. ಮ್ಯೂಚುವಲ್ ಫಂಡ್‌ಗಳು ತಮ್ಮಲ್ಲಿ ಏನೇನಿದೆ ಎಂಬ ಪಟ್ಟಿಯನ್ನು ವೆಬ್‌ಸೈಟ್‌ನಲ್ಲಿ ಹಾಕಲೇಬೇಕು. ಬ್ಯಾಂಕಿನ ಸಾಲದ ಪುಸ್ತಕ ನಮಗೆ ಕಾಣುವುದಿಲ್ಲ. ಫಂಡ್‌ನ ಪುಸ್ತಕ ಪೂರ್ತಿ ಕಾಣುತ್ತದೆ.

ಲಿಕ್ವಿಡ್ ಫಂಡ್ ಅಂದರೆ 91 ದಿನದೊಳಗಿನ ಸಾಲಪತ್ರಗಳ ಗಂಟು. ಅದರಲ್ಲಿ ಸರ್ಕಾರದ ಟ್ರೆಷರಿ ಬಿಲ್, ಬ್ಯಾಂಕುಗಳ ಸರ್ಟಿಫಿಕೇಟ್ ಆಫ್ ಡಿಪಾಸಿಟ್, ಕಂಪನಿಗಳು ಅಲ್ಪಾವಧಿ ಸಾಲಕ್ಕೆ ಬರೆದುಕೊಡುವ ಕಮರ್ಷಿಯಲ್ ಪೇಪರ್ ಇರುತ್ತವೆ. ಕಮರ್ಷಿಯಲ್ ಪೇಪರ್ ಸಾಲುಗಳನ್ನು ಮಾತ್ರ ಬೇರೆ ಮಾಡಿ ಓದಿ. ತೈಲ ಕಂಪನಿ, ಕಲ್ಲಿದ್ದಲು ವಿದ್ಯುತ್ ಕಂಪನಿ ಕಂಡರೆ ಎಷ್ಟು ಪಾಲು ಎಂದು ಕೂಡಿಸಿ.

ಬೇಡ ಅನ್ನಿಸಿದರೆ ಓವರ್‌ನೈಟ್ ಫಂಡ್‌ಗೆ ಬದಲಾಯಿಸಬಹುದು. ಅದರ ಬಹುಪಾಲು ಹಣ ಸರ್ಕಾರಿ ಸಾಲಪತ್ರಗಳನ್ನು ಆಧಾರವಾಗಿಟ್ಟುಕೊಂಡು ಒಂದು ದಿನದ ಮಟ್ಟಿಗೆ ಕೊಡುವ ಸಾಲದಲ್ಲಿರುತ್ತದೆ. ಕಂಪನಿಗಳಿಗೆ ನೇರವಾಗಿ ಹೋಗುವುದು ತೀರಾ ಕಡಿಮೆ. ಆದಾಯವೂ ಸ್ವಲ್ಪ ಕಡಿಮೆ. ಸಂಬಳ, ಜಿಎಸ್‌ಟಿ ಕಟ್ಟಲು ಇಟ್ಟ ದುಡ್ಡಿಗೆ ನಾವು ಇದನ್ನೇ ಆರಿಸಿಕೊಂಡೆವು. ಒಂದು ಮಧ್ಯಾಹ್ನದ ಕೆಲಸ. ಒಂದು ಫಂಡ್‌ನಿಂದ ತೆಗೆದು ಇನ್ನೊಂದಕ್ಕೆ ಹಾಕುವಾಗ ಲಾಭದ ಮೇಲೆ ತೆರಿಗೆ ಬರುತ್ತದೆ, ನಿಮ್ಮ ಆಡಿಟರನ್ನು ಒಂದು ಮಾತು ಕೇಳಿಕೊಳ್ಳಿ.

ಹೆಜ್ಜೆ 3: ಬ್ಯಾಂಕಿಗೆ ಪತ್ರ ಬರೆಯಿರಿ

ಶಾಖೆಗೆ ಹೋಗಿ ಬಾಯಲ್ಲಿ ಕೇಳಿದರೆ ಉತ್ತರ ಸಿಗುವುದಿಲ್ಲ. ನನಗೆ ಸಿಗಲಿಲ್ಲ. ನಮ್ಮ ಒಂದು ಬ್ಯಾಂಕಿನ ಶಾಖೆಯಲ್ಲಿ 'ಹಸಿರು ಠೇವಣಿ' ಅಂದಾಗ ಕೃಷಿ ಸಾಲದ ಟೇಬಲ್ಲಿಗೆ ಕಳಿಸಿದರು. ಅವರ ತಪ್ಪು ಅಂತ ನಾನು ಹೇಳುವುದಿಲ್ಲ. ಅವರಿಗೆ ಯಾರೂ ಕಲಿಸಿರಲಿಲ್ಲ. ಲಿಖಿತವಾಗಿ ಕೊಟ್ಟು ಸೀಲ್ ಹಾಕಿಸಿಕೊಂಡರೆ ಅದು ಮೇಲಿನ ಕಚೇರಿಗೆ ಹೋಗುತ್ತದೆ. ನಾವು ಬರೆದದ್ದು ಇಷ್ಟು:

"ಮಾನ್ಯರೇ, ನಮ್ಮ ಕಂಪನಿ ನಿಮ್ಮಲ್ಲಿ ಕರೆಂಟ್ ಅಕೌಂಟ್ ಮತ್ತು ಅವಧಿ ಠೇವಣಿ ಇಟ್ಟಿದೆ. ಮುಂದಿನ ನವೀಕರಣದ ಮೊದಲು ಈ ನಾಲ್ಕು ವಿಷಯ ತಿಳಿಸಬೇಕಾಗಿ ಕೋರಿಕೆ. ಒಂದು, ಹೊಸ ಕಲ್ಲಿದ್ದಲು ಗಣಿ ಮತ್ತು ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಿಗೆ ಸಾಲ ಕೊಡುವ ಬಗ್ಗೆ ನಿಮ್ಮ ಬ್ಯಾಂಕಿನ ನೀತಿ ಏನು? ಎರಡು, ನೀವು ಕೊಟ್ಟ ಸಾಲಗಳಿಂದ ಆಗುವ ಇಂಗಾಲದ ಲೆಕ್ಕವನ್ನು ಪ್ರಕಟಿಸುತ್ತೀರಾ? ಮೂರು, ಕಂಪನಿಗಳಿಗೆ ಹಸಿರು ಠೇವಣಿ ಇದೆಯೇ? ಅವಧಿ, ಬಡ್ಡಿ ಎಷ್ಟು? ನಾಲ್ಕು, ಹಸಿರು ಠೇವಣಿಯ ಹಣ ಎಲ್ಲಿ ಹೋಯಿತು ಎಂದು ಹೊರಗಿನವರು ಪರಿಶೀಲಿಸಿದ ಕಳೆದ ವರ್ಷದ ವರದಿ ಎಲ್ಲಿ ಸಿಗುತ್ತದೆ?"

ಎರಡನೆಯ ಪ್ರಶ್ನೆ ಯಾಕೆ ಮುಖ್ಯ ಗೊತ್ತಾ? ಬ್ಯಾಂಕುಗಳು ತಮ್ಮ ಕಟ್ಟಡದ ಕರೆಂಟು, ಜನರೇಟರ್ ಡೀಸೆಲ್ ಲೆಕ್ಕವನ್ನು ಚೆನ್ನಾಗಿ ಕೊಡುತ್ತವೆ. ಎಲ್‌ಇಡಿ ಬಲ್ಬ್ ಹಾಕಿದ್ದನ್ನೂ ಬರೆಯುತ್ತವೆ. ಆದರೆ ಬ್ಯಾಂಕಿನ ನಿಜವಾದ ಹೊಗೆ ಇರುವುದು ಸಾಲದ ಪುಸ್ತಕದಲ್ಲಿ. ಸೆಬಿ ವರದಿಯಲ್ಲಿ ಆ ಭಾಗ ಹೆಚ್ಚಾಗಿ ಐಚ್ಛಿಕ. ಗ್ರಾಹಕರು ಕೇಳದಿದ್ದರೆ ಅದು ಖಾಲಿಯಾಗಿಯೇ ಉಳಿಯುತ್ತದೆ.

ಮೂರು ಬ್ಯಾಂಕುಗಳಿಗೆ ಬರೆದೆವು. ಎರಡು ಉತ್ತರ ಕೊಟ್ಟವು. ಒಂದು ಉತ್ತರ ಪೂರ್ತಿ ಹಾರಿಕೆಯದು. ಇನ್ನೊಂದರಲ್ಲಿ ನಿಜವಾದ ದಾಖಲೆಗಳ ವಿಳಾಸ ಇತ್ತು. ನವೀಕರಣಕ್ಕೆ ಬಂದ ಎಫ್‌ಡಿ ಅಲ್ಲಿಗೇ ಹೋಯಿತು.

ಹೆಜ್ಜೆ 4: ಹಸಿರು ಠೇವಣಿ, ಕಣ್ಣು ಬಿಟ್ಟುಕೊಂಡು

ರಿಸರ್ವ್ ಬ್ಯಾಂಕ್ ಇದಕ್ಕೆ ನಿಯಮ ಮಾಡಿದ್ದು 2023ರ ಏಪ್ರಿಲ್‌ನಲ್ಲಿ. ಜೂನ್ 1ರಿಂದ ಜಾರಿಗೆ ಬಂತು. ಈ ಹೆಸರಿನಲ್ಲಿ ತೆಗೆದುಕೊಂಡ ಹಣವನ್ನು ಬ್ಯಾಂಕ್ ಸೌರ, ಪವನ ವಿದ್ಯುತ್, ಇಂಧನ ಉಳಿತಾಯ, ಸ್ವಚ್ಛ ಸಾರಿಗೆ, ನೀರು ಮತ್ತು ಕಸದ ನಿರ್ವಹಣೆ, ಹಸಿರು ಕಟ್ಟಡದಂಥ ಕೆಲಸಗಳಿಗೆ ಮಾತ್ರ ಕೊಡಬೇಕು. ಪ್ರತಿ ವರ್ಷ ಹೊರಗಿನವರಿಂದ ಪರಿಶೀಲನೆ ಮಾಡಿಸಬೇಕು, ವರದಿ ಪ್ರಕಟಿಸಬೇಕು. ಪಳೆಯುಳಿಕೆ ಇಂಧನ ತೆಗೆಯುವುದು, ಹಂಚುವುದು, ಅಣು ವಿದ್ಯುತ್, ಕಸ ಸುಡುವುದು, ಮದ್ಯ, ತಂಬಾಕು, ಶಸ್ತ್ರ ಇವುಗಳಿಗೆ ಕೊಡುವಂತಿಲ್ಲ.

ನಿಷೇಧದ ಪಟ್ಟಿಯಲ್ಲಿ ಇನ್ನೊಂದು ಸಾಲಿದೆ. 25 ಮೆಗಾವಾಟ್‌ಗಿಂತ ದೊಡ್ಡ ಜಲವಿದ್ಯುತ್ ಯೋಜನೆಗಳಿಗೂ ಈ ಹಣ ಹೋಗುವಂತಿಲ್ಲ. ಇದನ್ನು ಊಟದ ಹೊತ್ತಿನಲ್ಲಿ ನಮ್ಮ ಮೋಲ್ಡಿಂಗ್ ವಿಭಾಗದ ಹಿರಿಯರೊಬ್ಬರಿಗೆ ಓದಿ ಹೇಳಿದೆ. ಅವರದು ಶರಾವತಿ ಮುಳುಗಡೆಯ ಮನೆತನ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅವರ ಅಜ್ಜನ ಗದ್ದೆ, ತೋಟ ನೀರೊಳಗೆ ಹೋಗಿದ್ದವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಡಂ, ಹೊಗೆ ಇಲ್ಲ ಅಂದ್ರೆ ಹಸಿರು ಅಂತ ಅಲ್ಲ ಅನ್ನೋದು ಅವ್ರಿಗೂ ಗೊತ್ತಾಗಿದೆ ಹಂಗಾದ್ರೆ" ಅಂದರು. ಶರಾವತಿ ವಿದ್ಯುದಾಗಾರ 1035 ಮೆಗಾವಾಟ್‌ನದು. ಅದರಲ್ಲಿ ಕಲ್ಲಿದ್ದಲು ಉರಿಯುವುದಿಲ್ಲ, ನಿಜ. ಆದರೆ ಅದರ ಬೆಲೆ ಯಾರು ಕೊಟ್ಟರು ಎನ್ನುವುದು ಈ ಜಿಲ್ಲೆಯಲ್ಲಿ ಯಾರಿಗೂ ಮರೆತಿಲ್ಲ. ಹಾಗಾಗಿ ಹಸಿರು ಎಂದು ಬರೆದಿರುವ ಯಾವ ಯೋಜನೆಯನ್ನಾದರೂ ಎರಡು ಪ್ರಶ್ನೆ ಕೇಳಿ: ಇಂಗಾಲ ಎಷ್ಟು ಉಳಿಯಿತು, ಯಾರು ಜಾಗ ಬಿಟ್ಟರು.

ಈಗ ವ್ಯವಹಾರದ ಮಾತು. ಸ್ಟೇಟ್ ಬ್ಯಾಂಕ್ 2024ರ ಜನವರಿಯಲ್ಲಿ ಹಸಿರು ಅವಧಿ ಠೇವಣಿ ತಂದಾಗ 1111, 1777, 2222 ದಿನಗಳ ಅವಧಿ ಇಟ್ಟಿತು. ಬಡ್ಡಿ ಸಾಮಾನ್ಯ ಠೇವಣಿಗಿಂತ ಶೇ. 0.10 ಕಡಿಮೆ ಇತ್ತು. ವ್ಯಕ್ತಿಗಳಷ್ಟೇ ಅಲ್ಲ, ಕಂಪನಿಗಳೂ ಇಡಬಹುದು. ಬ್ಯಾಂಕ್ ಆಫ್ ಬರೋಡಾ ಮತ್ತು ಕೆಲವು ಖಾಸಗಿ ಬ್ಯಾಂಕುಗಳೂ ಇಂಥ ಠೇವಣಿ ತಂದಿವೆ. ಅವಧಿ, ಬಡ್ಡಿ ಬದಲಾಗುತ್ತಿರುತ್ತವೆ, ಇಡುವ ದಿನದ ದರ ನೋಡಿ.

ಶೇ. 0.10 ಅಂದರೆ 20 ಲಕ್ಷಕ್ಕೆ ವರ್ಷಕ್ಕೆ 2,000 ರೂಪಾಯಿ. ನಮ್ಮ ಮಾಲೀಕರು ಇದನ್ನು ಕೇಳಿ ಕೂಡಲೇ ಒಪ್ಪಿದರು. ಅವರಿಗೆ ಕಷ್ಟವಾದದ್ದು ಮೂರು ವರ್ಷದ ಅವಧಿ. ನಡುವೆ ದುಡ್ಡು ಬೇಕಾದರೆ? ಉಳಿದ ಠೇವಣಿಯಂತೆ ಇದನ್ನೂ ಮೊದಲೇ ಮುರಿಸಬಹುದು. ಇದರ ಮೇಲೆ ಓವರ್‌ಡ್ರಾಫ್ಟ್ ಕೊಡಲೂ ರಿಸರ್ವ್ ಬ್ಯಾಂಕ್ ಅವಕಾಶ ಮಾಡಿದೆ. ಆದರೂ ಮೂರು ವರ್ಷದವರೆಗೆ ಖಂಡಿತ ಬೇಕಾಗುವುದಿಲ್ಲ ಎನ್ನುವ ದುಡ್ಡನ್ನು ಮಾತ್ರ ಇಲ್ಲಿಡಿ. ನಾವು 20 ಲಕ್ಷವನ್ನು ಒಂದೇ ರಸೀದಿಯಾಗಿ ಇಡದೆ ಐದೈದು ಲಕ್ಷದ ನಾಲ್ಕು ರಸೀದಿ ಮಾಡಿಸಿದೆವು. ಬೇಕಾದರೆ ಒಂದನ್ನು ಮುರಿಸಿದರೆ ಸಾಕು.

ಹಸಿರು ಠೇವಣಿ ಇಟ್ಟ ಮಾತ್ರಕ್ಕೆ ಆ ಬ್ಯಾಂಕ್ ಹಸಿರಾಗುವುದಿಲ್ಲ. ಉಳಿದ ಠೇವಣಿಗಳಿಂದ ಅದು ಕಲ್ಲಿದ್ದಲಿಗೂ ಸಾಲ ಕೊಡಬಹುದು. ಅದಕ್ಕೇ ಮೂರನೇ ಹೆಜ್ಜೆಯ ಪತ್ರವನ್ನು ಬಿಡಬೇಡಿ.

"ನಮ್ಮೂರ ಸಹಕಾರಿ ಬ್ಯಾಂಕಿನಲ್ಲೇ ಇಡಬಾರದಾ? ಅವರು ಅಡಿಕೆ ಬೆಳೆಗಾರರಿಗೆ ತಾನೇ ಸಾಲ ಕೊಡೋದು?" ಎಂದು ಬಹಳ ಜನ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ರಿಸರ್ವ್ ಬ್ಯಾಂಕಿನ ಹಸಿರು ಠೇವಣಿ ನಿಯಮ ಸಹಕಾರಿ ಬ್ಯಾಂಕು ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ಅನ್ವಯಿಸುವುದಿಲ್ಲ. ಸಾಲ ಊರೊಳಗೇ ಸುತ್ತುತ್ತದೆ ಎನ್ನುವುದು ನಿಜ. ಆದರೆ ಠೇವಣಿ ವಿಮೆ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಮಾತ್ರ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಿಗೆ ಆ ವಿಮೆಯೂ ಇಲ್ಲ. 46 ಜನರ ಸಂಬಳದ ದುಡ್ಡನ್ನು ಅಲ್ಲಿಡಲು ನನಗೆ ಧೈರ್ಯ ಇಲ್ಲ. ಸಹಕಾರಿ ಬ್ಯಾಂಕಿನಲ್ಲಿ ವಿಮೆಯ ಮಿತಿಯೊಳಗೆ ಇಡುತ್ತೇವೆ, ಅಷ್ಟೇ.

ಹೆಜ್ಜೆ 5: ನಿಮ್ಮದೇ ಚಾವಣಿಗೆ ಹಾಕಿ

ನನ್ನ ಪ್ರಕಾರ ಮಿಗತೆ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಬ್ಯಾಂಕಿಗೆ ಕೊಟ್ಟು, ಅವರು ಯಾರಿಗೋ ಕೊಟ್ಟು, ಅದರಲ್ಲಿ ಎಷ್ಟು ಇಂಗಾಲ ಉಳಿಯಿತು ಎಂದು ಹುಡುಕುವುದಕ್ಕಿಂತ ಮೀಟರ್ ನೋಡುವುದು ಸುಲಭ.

ಎಫ್‌ಡಿಯ 20 ಲಕ್ಷ ತೆಗೆದು ಶೆಡ್ಡಿನ ಮೇಲೆ 40 ಕಿಲೋವಾಟ್ ಸೋಲಾರ್ ಹಾಕಿಸಿದೆವು. ಮಲೆನಾಡಿನ ಮಳೆಗಾಲ ನೆನಪಿಟ್ಟುಕೊಂಡು ಲೆಕ್ಕ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉತ್ಪಾದನೆ ಕುಸಿಯುತ್ತದೆ. ಬಯಲುಸೀಮೆಯ ಅಂಕಿ ತೋರಿಸುವ ಮಾರಾಟಗಾರರ ಮಾತು ನಂಬಬೇಡಿ, ಹತ್ತಿರದಲ್ಲೇ ಹಾಕಿಸಿರುವವರ ಒಂದು ವರ್ಷದ ಬಿಲ್ ಕೇಳಿ ನೋಡಿ. ನಾವು ಕಿಲೋವಾಟ್‌ಗೆ ವರ್ಷಕ್ಕೆ 1,300 ಯೂನಿಟ್ ಹಿಡಿದೆವು. 40 ಕಿಲೋವಾಟ್‌ಗೆ 52,000 ಯೂನಿಟ್. ದೇಶದ ಗ್ರಿಡ್‌ನ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಅಂದರೆ ವರ್ಷಕ್ಕೆ 36 ಟನ್ ಉಳಿಯುತ್ತದೆ. ನಮ್ಮ ಕುಲುಮೆಯ ಹಸಿವಿಗೆ ಇದು ಸಣ್ಣ ತುತ್ತು. ವರ್ಷದ ಬಳಕೆಯಲ್ಲಿ ಶೇ. 4ರೊಳಗೆ ಬರುತ್ತದೆ. ಆದರೆ ಅದು ನಿಜವಾದ 36 ಟನ್. ಆದಾಯ ತೆರಿಗೆಯಲ್ಲಿ ಸೋಲಾರ್‌ಗೆ ಶೇ. 40 ಸವಕಳಿ (ಲಾಭದಿಂದ ವರ್ಷವರ್ಷ ಕಳೆಯಬಹುದಾದ ಪಾಲು) ಸಿಗುವುದೂ ಮಾಲೀಕರನ್ನು ಒಪ್ಪಿಸಲು ನೆರವಾಯಿತು.

ನಿಮ್ಮದು ಅಡಿಕೆ ಸಂಸ್ಕರಣೆಯಾದರೆ ಸೋಲಾರ್‌ಗಿಂತ ಮೊದಲು ಬೇಯಿಸುವ ಒಲೆ ನೋಡಿ. ಕಡಿಮೆ ಸೌದೆಯ ಒಲೆಗೆ ಹಾಕಿದ ದುಡ್ಡು ಕಾಡಿಗೂ ಉಳಿತಾಯ, ನಿಮಗೂ ಉಳಿತಾಯ.

ಹೆಜ್ಜೆ 6: ಗ್ರಾಚ್ಯುಟಿ ಹಣ, ಎಲ್ಲರೂ ಮರೆಯುವುದು ಇದನ್ನೇ

ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಗ್ರಾಚ್ಯುಟಿ ಕೊಡಲೇಬೇಕು. ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನ. ಅನೇಕ ಕಂಪನಿಗಳು ಇದಕ್ಕಾಗಿ ಟ್ರಸ್ಟ್ ಮಾಡಿ, ವಿಮಾ ಕಂಪನಿಯ ಗುಂಪು ಗ್ರಾಚ್ಯುಟಿ ಯೋಜನೆಯಲ್ಲಿ ಹಣ ಇಡುತ್ತವೆ. ಪಿಎಫ್‌ನಲ್ಲಿ ಇಲ್ಲದ ಆಯ್ಕೆ ಇಲ್ಲಿದೆ. ಯಾವ ವಿಮಾ ಕಂಪನಿ, ಯಾವ ಬಗೆಯ ಫಂಡ್ ಎನ್ನುವುದನ್ನು ಟ್ರಸ್ಟಿಗಳೇ ತೀರ್ಮಾನಿಸಬಹುದು.

ಸಾಂಪ್ರದಾಯಿಕ ಯೋಜನೆಯಲ್ಲಿ ನಿಮ್ಮ ಹಣ ವಿಮಾ ಕಂಪನಿಯ ದೊಡ್ಡ ಗಂಟಿಗೆ ಸೇರುತ್ತದೆ. ಗುಂಪು ಯೋಜನೆಗಳ ಹಣದಲ್ಲಿ ಕನಿಷ್ಠ ಶೇ. 40 ಸರ್ಕಾರಿ ಮತ್ತು ಅನುಮೋದಿತ ಸಾಲಪತ್ರಗಳಲ್ಲಿ ಇರಬೇಕು ಎಂಬುದು ನಿಯಮ. ಉಳಿದದ್ದು ಕಂಪನಿ ಬಾಂಡು, ಷೇರು ಇತ್ಯಾದಿ. ಯುನಿಟ್ ಲಿಂಕ್ಡ್ ಯೋಜನೆಯಲ್ಲಿ ಫಂಡ್ ಆರಿಸಿಕೊಳ್ಳಬಹುದು, ಒಳಗೆ ಏನಿದೆ ಎಂದು ಓದಬಹುದು. ಆದರೆ ಏರಿಳಿತ ನಿಮ್ಮ ತಲೆಯ ಮೇಲೆ.

ಅವಸರ ಬೇಡ. ಸಾಂಪ್ರದಾಯಿಕ ಯೋಜನೆಯಿಂದ ಒಟ್ಟಿಗೇ ಹೊರಬಂದರೆ ಮಾರುಕಟ್ಟೆ ಮೌಲ್ಯದ ಹೊಂದಾಣಿಕೆ ಅಂತ ಕಡಿತ ಬೀಳಬಹುದು. ಹಳೆಯದನ್ನು ಅಲ್ಲೇ ಬಿಟ್ಟು, ಹೊಸದಾಗಿ ತುಂಬುವ ಹಣದ ಬಗ್ಗೆ ಮಾತ್ರ ಯೋಚಿಸುವುದು ಒಳ್ಳೆಯದು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವೇತನದ ವ್ಯಾಖ್ಯೆ ಬದಲಾಗಿರುವುದರಿಂದ ಅನೇಕರ ಗ್ರಾಚ್ಯುಟಿ ಲೆಕ್ಕ ಜಾಸ್ತಿ ಆಗುತ್ತದೆ. ಹೇಗೂ ಲೆಕ್ಕ ಮತ್ತೆ ಹಾಕಿಸಬೇಕು. ಟ್ರಸ್ಟಿಗಳ ಸಭೆಯಲ್ಲಿ ಈ ವಿಷಯವನ್ನೂ ಸೇರಿಸಿ.

ಹೆಜ್ಜೆ 7: ಪಿಎಫ್, ಇಲ್ಲಿ ಆಯ್ಕೆ ಇಲ್ಲ, ದನಿ ಇದೆ

ಪಿಎಫ್ ಮಾತು ಎತ್ತಿದಾಗ ಶೆಡ್ಡಿನಲ್ಲಿ ಗಾಬರಿಯಾಯಿತು. "ಅಕ್ಕಾ, ನಮ್ ಪಿಎಫ್ ದುಡ್ಡಿಗೆ ಮಾತ್ರ ಕೈ ಹಾಕ್ಬೇಡಿ" ಎಂದು ಹುಡುಗನೊಬ್ಬ ಓಡಿ ಬಂದ. ಅವನು ಹೇಳಿದ್ದು ಸರಿ. ಕೈ ಹಾಕಲು ಬರುವುದೂ ಇಲ್ಲ, ಹಾಕಲೂಬಾರದು.

ನೌಕರನ ವೇತನದಿಂದ ಶೇ. 12, ಮಾಲೀಕರಿಂದ ಶೇ. 12. ಮಾಲೀಕರ ಪಾಲಿನಲ್ಲಿ ಶೇ. 8.33 ಪಿಂಚಣಿಗೆ, ಉಳಿದ ಶೇ. 3.67 ಪಿಎಫ್‌ಗೆ. ಹಣ ಎಲ್ಲಿ ಹೂಡಬೇಕು ಎನ್ನುವುದನ್ನು ಕೇಂದ್ರ ಸರ್ಕಾರ ನಿಗದಿ ಮಾಡುತ್ತದೆ. ಶೇ. 45ರಿಂದ 65 ಸರ್ಕಾರಿ ಸಾಲಪತ್ರ, ಶೇ. 20ರಿಂದ 45 ಬಾಂಡು ಇತ್ಯಾದಿ, ಶೇ. 5ರಿಂದ 15 ಷೇರು. ಷೇರಿನ ಪಾಲು 2015ರಿಂದ ಇಟಿಎಫ್‌ಗಳ ಮೂಲಕ, ಅಂದರೆ ನಿಫ್ಟಿ 50ರಂಥ ಸೂಚ್ಯಂಕದ ಕಂಪನಿಗಳ ಷೇರನ್ನು ಗಂಟಾಗಿ ಕೊಳ್ಳುವ ಫಂಡ್‌ಗಳ ಮೂಲಕ ಹೋಗುತ್ತದೆ. ನಿಫ್ಟಿ 50ರಲ್ಲಿ ರಿಲಯನ್ಸ್, ಎನ್‌ಟಿಪಿಸಿ, ಒಎನ್‌ಜಿಸಿ, ಕೋಲ್ ಇಂಡಿಯಾ ಇವೆ. ಅಂದರೆ ನಮ್ಮ ಮೋಲ್ಡರ್ ಹುಡುಗನ ಪಿಎಫ್‌ನ ಒಂದು ಸಣ್ಣ ಚೂರು ಕಲ್ಲಿದ್ದಲು ಗಣಿಯಲ್ಲಿದೆ.

ಪಿಎಫ್‌ನಿಂದ ಹಣ ತೆಗೆಯಿರಿ ಎಂದು ಯಾರಾದರೂ ಪರಿಸರದ ಹೆಸರಿನಲ್ಲಿ ಹೇಳಿದರೆ ದಯವಿಟ್ಟು ಕೇಳಬೇಡಿ. ನಮ್ಮಲ್ಲಿ ಬಹಳ ಜನರಿಗೆ ಮುಪ್ಪಿಗೆ ಇರುವ ಭದ್ರತೆ ಅದೊಂದೇ. 2024-25ಕ್ಕೆ ಶೇ. 8.25 ಬಡ್ಡಿ ಕೊಟ್ಟಿದೆ. ಇಲ್ಲಿ ಮಾಡಬಹುದಾದದ್ದು ದನಿ ಎತ್ತುವುದು. ಪಿಎಫ್ ಸಂಸ್ಥೆಯ ಕೇಂದ್ರ ಧರ್ಮದರ್ಶಿ ಮಂಡಳಿಯಲ್ಲಿ ಮಾಲೀಕರ ಮತ್ತು ಕಾರ್ಮಿಕರ ಪ್ರತಿನಿಧಿಗಳು ಇದ್ದಾರೆ. ನಿಮ್ಮ ಕೈಗಾರಿಕಾ ಸಂಘದ ಮೂಲಕ, ಕಾರ್ಮಿಕ ಸಂಘದ ಮೂಲಕ ಅವರಿಗೆ ಬರೆಯಿರಿ. ಕೇಳುವುದು ಚಿಕ್ಕದಾಗಿರಲಿ: ಹವಾಮಾನ ಬದಲಾವಣೆಯಿಂದ ಈ ಹೂಡಿಕೆಗಳಿಗೆ ಎಷ್ಟು ಅಪಾಯ ಇದೆ ಎಂದು ವರ್ಷಕ್ಕೊಮ್ಮೆ ಪ್ರಕಟಿಸಿ.

ಹೆಜ್ಜೆ 8: ಎನ್‌ಪಿಎಸ್, ಬೇಕಾದವರಿಗೆ ಮಾತ್ರ

ಕಂಪನಿ ನೌಕರರ ಎನ್‌ಪಿಎಸ್‌ಗೆ ಹಣ ಹಾಕಬಹುದು. ಹೊಸ ತೆರಿಗೆ ಪದ್ಧತಿಯಲ್ಲಿ ಮೂಲ ವೇತನದ ಶೇ. 14ರವರೆಗೆ ರಿಯಾಯಿತಿ ಇದೆ. ತೆರಿಗೆಯೇ ಬರದ ನೌಕರನಿಗೆ ಇದರಿಂದ ಏನೂ ಲಾಭವಿಲ್ಲ. ಗಂಟು ತೀರಾ ಸಣ್ಣದಲ್ಲದಿದ್ದರೆ ನಿವೃತ್ತಿಯಲ್ಲಿ ಒಂದು ಭಾಗಕ್ಕೆ ಪಿಂಚಣಿ ಕೊಳ್ಳಲೇಬೇಕು ಎನ್ನುವುದನ್ನೂ ಹೇಳಿಬಿಡಿ. ನಮ್ಮಲ್ಲಿ ಎಂಟು ಜನ ಮಾತ್ರ ಸೇರಿದ್ದಾರೆ.

ಸೇರಿದವರಿಗೆ ಪಿಎಫ್‌ನಲ್ಲಿ ಇಲ್ಲದ ಸ್ವಾತಂತ್ರ್ಯ ಇದೆ. ಷೇರು, ಕಂಪನಿ ಬಾಂಡು, ಸರ್ಕಾರಿ ಸಾಲಪತ್ರ ಇವುಗಳ ಪಾಲು ತಾವೇ ಹಂಚಬಹುದು. ಫಂಡ್ ಮ್ಯಾನೇಜರನ್ನು ಆರಿಸಬಹುದು, ಬದಲಾಯಿಸಬಹುದು. ಎಲ್ಲರೂ ತಮ್ಮ ಪಟ್ಟಿ ಪ್ರಕಟಿಸುತ್ತಾರೆ. ನಾವು ಒಂದು ಶನಿವಾರ ಮೂರು ಮ್ಯಾನೇಜರ್‌ಗಳ ಷೇರು ಪಟ್ಟಿಯನ್ನು ಮುದ್ರಿಸಿ, ಕಲ್ಲಿದ್ದಲು, ತೈಲದ ಕಂಪನಿಗಳಿಗೆ ಕೆಂಪು ಗೆರೆ ಎಳೆದೆವು. ಸಂಪೂರ್ಣ ಶುದ್ಧವಾದದ್ದು ಒಂದೂ ಸಿಗಲಿಲ್ಲ. ಪಾಲಿನಲ್ಲಿ ವ್ಯತ್ಯಾಸ ಇತ್ತು, ಅಷ್ಟೇ.

ಯಾವುದು ಆರಿಸಬೇಕು ಎಂದು ನಾನು ಹೇಳಲಿಲ್ಲ. ವಯಸ್ಸು, ಮನೆಯ ಜವಾಬ್ದಾರಿ ಮೊದಲು, ಹೊಗೆಯ ಲೆಕ್ಕ ಆಮೇಲೆ. 55 ದಾಟಿದವರು ಪರಿಸರದ ಹೆಸರಿನಲ್ಲಿ ಷೇರಿಗೆ ಜಾಸ್ತಿ ಹಾಕುವುದು ತಪ್ಪು.

ಹೆಜ್ಜೆ 9: ದಿನಾಂಕ ಬರೆದು ಗೋಡೆಗೆ ಅಂಟಿಸಿ

ಲೆಕ್ಕವನ್ನು ರೂಪಾಯಿಯಲ್ಲೇ ಇಡಿ. "ನಮ್ಮ ಠೇವಣಿಯಿಂದ ಇಷ್ಟು ಟನ್ ಕಡಿಮೆಯಾಯಿತು" ಎಂದು ಯಾರಿಗೂ ಬರೆದುಕೊಡಬೇಡಿ. ಬ್ಯಾಂಕ್ ಸಾಲದ ಲೆಕ್ಕ ತೋರಿಸದೆ ಆ ಅಂಕಿ ಹೇಳಲು ಬರುವುದಿಲ್ಲ. ಸೋಲಾರ್ ಮೀಟರಿನ ಟನ್ ಮಾತ್ರ ಧೈರ್ಯವಾಗಿ ಬರೆಯಿರಿ. ಉಳಿದದ್ದಕ್ಕೆ ಇಷ್ಟು ಲಕ್ಷ ಹಸಿರು ಠೇವಣಿಯಲ್ಲಿದೆ, ಇಷ್ಟು ಲಕ್ಷ ಏನಾಗಿದೆಯೋ ಗೊತ್ತಿಲ್ಲ ಎಂದು ನೇರವಾಗಿ ಬರೆಯಿರಿ.

ಏಪ್ರಿಲ್‌ನಲ್ಲಿ ಪಟ್ಟಿ ಹೊಸದು ಮಾಡುತ್ತೇವೆ. ಬ್ಯಾಂಕುಗಳ ವಾರ್ಷಿಕ ವರದಿ ಬಂದ ಮೇಲೆ ಹಸಿರು ಠೇವಣಿಯ ಪುಟ ಓದಿ, ಪತ್ರವನ್ನು ಮತ್ತೆ ಕಳಿಸುತ್ತೇವೆ. ಎಲ್ಲಕ್ಕಿಂತ ಮುಖ್ಯ, ಪ್ರತಿ ಎಫ್‌ಡಿ ಮುಗಿಯುವ ದಿನಕ್ಕೆ 15 ದಿನ ಮೊದಲು ಗುರುತು ಹಾಕಿಡಿ. ಸ್ವಯಂ ನವೀಕರಣ ಎಂದು ಟಿಕ್ ಮಾಡಿದ್ದರೆ ಹಣ ಯಾರನ್ನೂ ಕೇಳದೆ ಮತ್ತೆ ಹಳೆಯ ಜಾಗಕ್ಕೇ ಹೋಗಿ ಕೂರುತ್ತದೆ. ನಮ್ಮ 9 ಲಕ್ಷ ಮೊದಲ ವರ್ಷ ಹಾಗೇ ಹೋಯಿತು. ಅದನ್ನು ತೆಗೆಸಲು ಈಗ ಬ್ಯಾಂಕಿಗೆ ಅರ್ಜಿ ಕೊಟ್ಟಿದ್ದೇನೆ.